ಮಾತಿಲ್ಲದ ಸಿನಿಮಾಕ್ಕೆ ಮಾರ್ಕು ಹಾಕೋರು ಯಾರು?

ನಮ್ಮ ಮತ್ತಿಗಿರಿ ಕಡೆ ಮಳೆಗೆ ಬರ ಬರಬಹುದು, ಅಭಿಪ್ರಾಯಕ್ಕೆ ಬರ ಬಂದದ್ದನ್ನು ನಾನು ಕಾಣೆ. ಅದರಲ್ಲೂ ಮಕ್ಕಳಿಗೆ ಏನು ಒಳ್ಳೇದು ಅನ್ನೋ ವಿಷಯಕ್ಕೆ ಬಂದರೆ ಎಲ್ಲರೂ ಪಂಡಿತರೇ. ಕಳೆದ ಬೇಸಿಗೆ ರಜೆಯಲ್ಲಿ ನಮ್ಮ ವಾಚನಾಲಯದಲ್ಲಿ 'ಫ್ಯಾಂಟೇಸಿಯಾ' ಎಂಬ ಹಳೆಯ ಕಾರ್ಟೂನ್ ಸಿನಿಮಾ ತೋರಿಸಿದೆವು. ಮನೆಮಂದಿಯೆಲ್ಲ ಕೂತು ನೋಡಲಿ ಅಂತಲೇ ಮಾಡಿದ ಸಿನಿಮಾ ಅದು. ಆದರೆ ಮಾರನೇ ದಿನದಿಂದ ಶುರುವಾದ ಆಕ್ಷೇಪಣೆಗಳು ಇನ್ನೂ ನಿಂತಿಲ್ಲ. ಕಥೆ ಇಲ್ಲ ಅಂದರು, ಮಾತಿಲ್ಲ ಅಂದರು. ಕೊನೆಯಲ್ಲಿ ಭೂತ ಬರುತ್ತೆ, ಮಕ್ಕಳು ನಿದ್ದೇಲಿ ಬೆಚ್ಚಿಬೀಳ್ತವೆ ಅಂದರು. ಎಂಬತ್ತು ವರ್ಷದ ಹಳೇ ಸರಕು, ಪರದೇಶದ್ದು, ನಮಗ್ಯಾಕೆ ಅಂದರು. ಕೊನೆಗೆ ಕಮಿಟಿಯಲ್ಲಿ ಒಬ್ಬ ಹಿರಿಯರು, ಭಾನುವಾರದ ಸಿನಿಮಾವನ್ನೇ ನಿಲ್ಲಿಸಿ ಆ ಎರಡು ಗಂಟೆ ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಕೊಡೋಣ ಅಂತ ಹೇಳಿದರು. ಅದು ಇನ್ನೂ ತೀರ್ಮಾನವಾಗಿಲ್ಲ. ತೀರ್ಮಾನವಾಗುವ ಮೊದಲೇ ನನ್ನ ಜಗಳ ಅಚ್ಚಿನಲ್ಲಿ ಇರಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ನೋಡದವರಿಗಾಗಿ ಎರಡು ಮಾತು. ಮಿಕ್ಕಿ ಮೌಸ್ ಮಾಡಿದ ವಾಲ್ಟ್ ಡಿಸ್ನಿ ಕಂಪನಿಯವರು 1940ರ ನವೆಂಬರ್ 13ರಂದು ನ್ಯೂಯಾರ್ಕಿನಲ್ಲಿ ಬಿಡುಗಡೆ ಮಾಡಿದ ಚಿತ್ರ ಇದು. ಸುಮಾರು ಎರಡು ಗಂಟೆ ಉದ್ದ. ಒಂದೇ ಕಥೆಯಲ್ಲ, ಎಂಟು ತುಂಡು. ಒಂದೊಂದು ತುಂಡಿಗೂ ಪಶ್ಚಿಮದ ದೊಡ್ಡ ಸಂಗೀತಗಾರರ ಒಂದೊಂದು ಕೃತಿ: ಬಾಖ್, ಚೈಕೋವ್‌ಸ್ಕಿ, ಡ್ಯೂಕಾ, ಸ್ಟ್ರಾವಿನ್‌ಸ್ಕಿ, ಬೀಥೋವನ್, ಪೊಂಕಿಯೆಲ್ಲಿ, ಕೊನೆಯಲ್ಲಿ ಮುಸ್ಸೋರ್ಗ್‌ಸ್ಕಿ ಮತ್ತು ಶೂಬರ್ಟ್. ಲಿಯೋಪೋಲ್ಡ್ ಸ್ಟೊಕೊವ್‌ಸ್ಕಿ ಎಂಬುವರು ದೊಡ್ಡ ವಾದ್ಯಮೇಳವನ್ನು ನಡೆಸುತ್ತಾರೆ. ಸಂಗೀತ ಮೊದಲು, ಚಿತ್ರ ಆಮೇಲೆ. ನಮ್ಮ ಸಿನಿಮಾದಲ್ಲಿ ಕಥೆಗೆ ತಕ್ಕ ಹಾಡು ಕಟ್ಟುತ್ತಾರಲ್ಲ, ಅದರ ಉಲ್ಟಾ. ನಡುನಡುವೆ ಒಬ್ಬರು ಬಂದು ಇಂಗ್ಲಿಷಿನಲ್ಲಿ ನಾಲ್ಕು ಮಾತು ಪರಿಚಯ ಹೇಳಿ ಹೋಗುವುದು ಬಿಟ್ಟರೆ ಹೆಚ್ಚುಕಡಿಮೆ ಮಾತೇ ಇಲ್ಲ.

ಈಗ ಜಗಳಕ್ಕೆ ಬರೋಣ.

ಕಥೆ ಇಲ್ಲ ಅನ್ನೋರಿಗೆ ಮೊದಲು. ಅಲ್ಲ ಸ್ವಾಮಿ, ಬಿಡಿಬಿಡಿ ಕಥೆಗಳನ್ನು ಒಂದು ದಾರಕ್ಕೆ ಪೋಣಿಸುವ ಕೆಲಸ ಕನ್ನಡಕ್ಕೆ ಯಾವತ್ತಿನಿಂದ ಪರಕೀಯವಾಯಿತು? ವಡ್ಡಾರಾಧನೆಯಲ್ಲಿ ಹತ್ತೊಂಬತ್ತು ಕಥೆ. ದುರ್ಗಸಿಂಹ ಹನ್ನೊಂದನೇ ಶತಮಾನದಲ್ಲೇ ಪಂಚತಂತ್ರವನ್ನು ಕನ್ನಡಕ್ಕೆ ತಂದ. ಕಥೆಯೊಳಗೆ ಕಥೆ, ಅದರೊಳಗೆ ಇನ್ನೊಂದು. ಬತ್ತೀಸ ಪುತ್ಥಳಿ ಕಥೆ ನಮ್ಮ ಅಜ್ಜಿಯರ ಬಾಯಲ್ಲೇ ಇತ್ತು. ಸಿನಿಮಾಕ್ಕೆ ಬಂದರೆ ಪುಟ್ಟಣ್ಣ ಕಣಗಾಲರ 'ಕಥಾ ಸಂಗಮ' 1976ರದ್ದು. ಹಂಗು, ಅತಿಥಿ, ಮುನಿತಾಯಿ ಅಂತ ಮೂರು ಕಥೆ, ಮೂವರು ಲೇಖಕರದ್ದು. ಮುನಿತಾಯಿ ಭಾಗದಲ್ಲಿ ನಟಿಸಿದ ಹುಡುಗ ಮುಂದೆ ರಜನಿಕಾಂತ್ ಆದ. ಅವರ ಪೂರ್ವಿಕರ ಊರು ನಾಚಿಕುಪ್ಪಂ ನಮ್ಮ ಕೃಷ್ಣಗಿರಿ ಜಿಲ್ಲೆಯಲ್ಲೇ ಇದೆ ಅಂತ ನಮ್ಮವರು ಎದೆ ಉಬ್ಬಿಸಿ ಹೇಳುತ್ತಾರೆ. ಅದೇ ಬಾಯಲ್ಲಿ 'ಮೂರು ಕಥೆ ಇದ್ದರೆ ಅದು ಸಿನಿಮಾನೇ ಅಲ್ಲ' ಅಂತ ಯಾರಾದರೂ ಹೇಳಿದ್ದುಂಟಾ? ದೊಡ್ಡವರ ಚಿತ್ರದಲ್ಲಿ ಮೂರು ಕಥೆ ಇದ್ದರೆ ಪ್ರಯೋಗ, ಮಕ್ಕಳ ಚಿತ್ರದಲ್ಲಿ ಎಂಟು ಇದ್ದರೆ ಗೊಂದಲ. ಇದ್ಯಾವ ನ್ಯಾಯ?

ನಿಜ ಹೇಳಬೇಕೆಂದರೆ ಮಕ್ಕಳಿಗೆ ತುಂಡು ಕಥೆಗಳೇ ಅನುಕೂಲ. ಒಂದು ಮಗು ಒಂದು ತುಂಡಿನಲ್ಲಿ ಎದ್ದು ಆಚೆ ಹೋಗಿ ಬರಬಹುದು, ಇನ್ನೊಂದು ತುಂಡಿಗೆ ಬಾಯಿ ತೆರೆದುಕೊಂಡು ಕೂರಬಹುದು. ನಮ್ಮಲ್ಲಿ ಆಗಿದ್ದೂ ಅದೇ. ಮೊದಲನೇ ತುಂಡು ಬಾಖ್‌ನದ್ದು. ಅದರಲ್ಲಿ ಗೆರೆ, ಬಣ್ಣ, ಬೆಳಕು ಬಿಟ್ಟರೆ ಬೇರೇನಿಲ್ಲ. ದೊಡ್ಡವರು ಆಕಳಿಸಿದರು. ಹಿಂದಿನ ಸಾಲಿನ ಹುಡುಗರು ಗಲಾಟೆ ಮಾಡಿದರು, ಅದನ್ನೇಕೆ ಮುಚ್ಚಿಡಲಿ? ಆದರೆ ಎರಡನೆಯದರಲ್ಲಿ ಅಣಬೆಗಳು ಸಾಲಾಗಿ ನಿಂತು ಕುಣಿಯತೊಡಗಿದಾಗ, ಎಲ್ಲಕ್ಕಿಂತ ಚಿಕ್ಕ ಅಣಬೆ ಸಾಲು ತಪ್ಪಿ ಓಡಿ ಓಡಿ ಸೇರಿಕೊಳ್ಳುತ್ತದಲ್ಲ, ಆಗ ಇಡೀ ಹಜಾರ ನಕ್ಕಿತು. ಸ್ಕೂಲ್ ಡೇ ಡ್ಯಾನ್ಸಿನಲ್ಲಿ ಕೊನೇ ಸಾಲಿನಲ್ಲಿ ನಿಂತು ಹೆಜ್ಜೆ ತಪ್ಪಿದ ಪ್ರತಿ ಮಗುವಿಗೂ ಅದು ತನ್ನದೇ ಕಥೆ. ಯಾವ ಮಾತೂ ಬೇಕಾಗಲಿಲ್ಲ.

ಮಾತಿಲ್ಲ ಅನ್ನೋದು ಎರಡನೇ ಆಕ್ಷೇಪಣೆ. ಇದನ್ನು ಹೇಳಿದವರು ಬೇರೆ ಊರಿನವರಾಗಿದ್ದರೆ ಸುಮ್ಮನಿರುತ್ತಿದ್ದೆ. ಮತ್ತಿಗಿರಿಯವರು ಹೇಳಿದ್ದಕ್ಕೆ ನನಗೆ ಸಿಟ್ಟು. ನಮ್ಮ ಬೀದಿಯಲ್ಲಿ ಮನೆ ಮನೆಗೆ ಭಾಷೆ ಬದಲಾಗುತ್ತೆ. ಈ ಮನೆ ಕನ್ನಡ, ಆ ಮನೆ ತೆಲುಗು, ಎದುರು ಮನೆ ತಮಿಳು, ಮೂಲೆ ಮನೆ ಉರ್ದು. ಅಂಗಡಿಯಲ್ಲಿ ಒಂದು, ಇಸ್ಕೂಲಲ್ಲಿ ಒಂದು, ಅಡುಗೆಮನೆಯಲ್ಲಿ ಇನ್ನೊಂದು. ಇಂಥ ಊರಿನಲ್ಲಿ ನಾಲ್ಕೂ ಮನೆಯ ಮಕ್ಕಳನ್ನು ಒಟ್ಟಿಗೆ ಕೂರಿಸಿ ಒಂದು ಸಿನಿಮಾ ತೋರಿಸಬೇಕೆಂದರೆ ಯಾವ ಭಾಷೆಯದು ತೋರಿಸುತ್ತೀರಿ? ತಮಿಳು ಅಂದರೆ ಕೆಲವರಿಗೆ ಮುಖ ಕೆಂಪಗಾಗುತ್ತೆ, ಕನ್ನಡ ಅಂದರೆ ಇನ್ನು ಕೆಲವರು ಮಕ್ಕಳನ್ನೇ ಕಳಿಸೋದಿಲ್ಲ. ಯಾರ ಮನೆಯದೂ ಅಲ್ಲದ, ಎಲ್ಲರಿಗೂ ಸಲ್ಲುವ ಚಿತ್ರ ಸಿಕ್ಕಿತಲ್ಲ ಅಂತ ನಾವು ಹಿಗ್ಗಿದರೆ, ಅದೇ ತಪ್ಪು ಅಂತೀರಾ?

ಮದುವೆಮನೆಯಲ್ಲಿ ನಾಗಸ್ವರ ಊದುವಾಗ 'ಏನಯ್ಯಾ ಇದರ ಅರ್ಥ' ಅಂತ ಯಾರೂ ಕೇಳಲ್ಲ. ತಮಟೆ ಬಡಿಯುವಾಗ ಕಾಲು ತಾನಾಗೇ ಎದ್ದು ನಿಲ್ಲುತ್ತೆ. ಇನ್ನು ದೂರದರ್ಶನದ ಕಾಲ ನೆನಪಿಸಿಕೊಳ್ಳಿ. 1987ರಲ್ಲಿ ಭಾನುವಾರ ಬೆಳಗ್ಗೆ ಹಿಂದಿ ರಾಮಾಯಣ ಶುರುವಾಯಿತು. ಟಿವಿ ಇದ್ದ ಮನೆ ಮುಂದೆ ಚಪ್ಪಲಿ ರಾಶಿ. ಹಿಂದಿ ಗೊತ್ತಿದ್ದವರು ಎಷ್ಟು ಜನ? ಅದಕ್ಕೂ ಮೊದಲೇ ಫಿಲ್ಮ್ಸ್ ಡಿವಿಷನ್ನಿಗೆ ವಿಜಯಾ ಮುಳೆ 1974ರಲ್ಲಿ ಮಾಡಿದ 'ಏಕ್ ಅನೇಕ್ ಔರ್ ಏಕತಾ' ಅಂತ ಪುಟ್ಟ ಕಾರ್ಟೂನು ಬಂದಿತ್ತು. ದೂರದರ್ಶನದಲ್ಲಿ ಅದನ್ನು ಮತ್ತೆ ಮತ್ತೆ ಹಾಕುತ್ತಿದ್ದರು. ಬೇಡನ ಬಲೆಯನ್ನೇ ಎತ್ತಿಕೊಂಡು ಹಾರಿಹೋಗುವ ಹಕ್ಕಿಗಳು, ಬಲೆ ಕಡಿಯುವ ಇಲಿಗಳು. ಹಾಡು, ಮಾತು ಎಲ್ಲ ಹಿಂದಿ. ಆದರೂ ಈಗ ಐವತ್ತು ದಾಟಿದ ನಮ್ಮ ಮೇಷ್ಟ್ರುಗಳು ಅದನ್ನು ಇವತ್ತಿಗೂ ನೆನೆಸಿಕೊಂಡು ಹೇಳುತ್ತಾರೆ. ನಿಮಗೆ ಹಿಂದಿ ಬರದೆ ಅರ್ಥವಾಗಿದ್ದು, ನಿಮ್ಮ ಮೊಮ್ಮಕ್ಕಳಿಗೆ ಮಾತೇ ಇಲ್ಲದೆ ಯಾಕೆ ಅರ್ಥವಾಗಬಾರದು?

ಇಲ್ಲಿ ಒಂದು ಮಾತು. ಆ ಹಕ್ಕಿಗಳ ಕಾರ್ಟೂನಿನ ಹಿಂದೆಯೂ ಡಿಸ್ನಿಯ ಗಾಳಿ ಸ್ವಲ್ಪ ಬೀಸಿದೆ. ಕ್ಲೇರ್ ವೀಕ್ಸ್ ಎಂಬ ಡಿಸ್ನಿಯ ಚಿತ್ರಗಾರ 1950ರ ದಶಕದಲ್ಲಿ ಮುಂಬೈಗೆ ಬಂದು ಫಿಲ್ಮ್ಸ್ ಡಿವಿಷನ್ನಿನ ಹುಡುಗರಿಗೆ ಕಾರ್ಟೂನು ಬಿಡಿಸುವುದನ್ನು ಕಲಿಸಿದರು. ಅಲ್ಲಿಂದ ಹೊರಬಂದ ಮೊದಲ ಹೆಸರಾದ ಚಿತ್ರ ಜಾತಕಕಥೆಯ 'ಬನ್ಯನ್ ಡೀರ್', 1957ರದ್ದು. ಅಲ್ಲೇ ಪಳಗಿದ ರಾಮ್ ಮೋಹನ್ ಮುಂದೆ ಜಪಾನಿನವರ ಜೊತೆ ಸೇರಿ ರಾಮಾಯಣದ ಕಾರ್ಟೂನ್ ಚಿತ್ರ ಮಾಡಿದರು. ಪರದೇಶದ್ದು ನಮಗ್ಯಾಕೆ ಅನ್ನುವವರಿಗೆ ಇಷ್ಟು ಸಾಕು. ಅಲ್ಲಿಂದ ಕಲಿತದ್ದರಲ್ಲೇ ನಾವು ನಮ್ಮ ಜಿಂಕೆಯನ್ನೂ ನಮ್ಮ ರಾಮನನ್ನೂ ಬಿಡಿಸಿಕೊಂಡಿದ್ದು.

ನೀತಿ ಏನು, ಮಕ್ಕಳಿಗೆ ಏನು ಕಲಿಸುತ್ತೆ? ಇದು ಮೇಷ್ಟ್ರುಗಳ ಪ್ರಶ್ನೆ. ನನಗೆ ಮೇಷ್ಟ್ರುಗಳ ಮೇಲೆ ಗೌರವ ಇದೆ, ಆದರೆ ಈ ಪ್ರಶ್ನೆ ಮೇಲೆ ಇಲ್ಲ. ಆದರೂ ಅವರ ದಾರಿಯಲ್ಲೇ ಹೋಗೋಣ. ಸಿನಿಮಾದಲ್ಲಿ ಎಲ್ಲರಿಗೂ ಗೊತ್ತಿರುವ ಭಾಗ ಮಿಕ್ಕಿ ಮೌಸಿನದ್ದು. ಮಂತ್ರವಾದಿಯ ಮನೆಯಲ್ಲಿ ನೀರು ಹೊರುವ ಹುಡುಗ ಮಿಕ್ಕಿ. ಗುರು ಮಲಗಿದಾಗ ಅವನ ಟೋಪಿ ಹಾಕಿಕೊಂಡು ಪೊರಕೆಗೆ ಮಂತ್ರ ಹಾಕುತ್ತಾನೆ. ಪೊರಕೆಗೆ ಕೈ ಬರುತ್ತೆ, ಎರಡೂ ಕೈಯಲ್ಲಿ ಬಕೆಟ್ ಹಿಡಿದು ನೀರು ತುಂಬತೊಡಗುತ್ತೆ. ಇವನು ಕುರ್ಚಿಯಲ್ಲಿ ಕೂತು ನಿದ್ದೆ. ಎದ್ದು ನೋಡಿದರೆ ಮನೆಯೆಲ್ಲ ನೀರು. ನಿಲ್ಲಿಸುವ ಮಂತ್ರ ಗೊತ್ತಿಲ್ಲ. ಕೊಡಲಿ ತೆಗೆದು ಪೊರಕೆಯನ್ನು ಚೂರು ಚೂರು ಮಾಡುತ್ತಾನೆ, ಒಂದೊಂದು ಚೂರೂ ಒಂದೊಂದು ಪೊರಕೆಯಾಗಿ ಎದ್ದು ನಿಲ್ಲುತ್ತೆ. ಜರ್ಮನಿಯ ಕವಿ ಗಯಟೆ 1797ರಲ್ಲಿ ಬರೆದ ಕವನ ಅದಕ್ಕೆ ಮೂಲ. ಡ್ಯೂಕಾ ನೂರು ವರ್ಷದ ಮೇಲೆ, 1897ರಲ್ಲಿ, ಅದಕ್ಕೆ ಸಂಗೀತ ಮಾಡಿದ.

ಈ ಕಥೆ ನಮಗೆ ಹೊಸದಾ? ಒಳಗೆ ಹೋಗುವುದು ಗೊತ್ತು, ಹೊರಗೆ ಬರುವುದು ಗೊತ್ತಿಲ್ಲ ಅನ್ನೋ ಹುಡುಗನ ಕಥೆಯನ್ನು ನಾವು ಅಭಿಮನ್ಯು ಅಂತ ಕರೀತೀವಿ. ಸತ್ತ ಸಿಂಹಕ್ಕೆ ಜೀವ ಕೊಟ್ಟು ಅದರ ಬಾಯಿಗೇ ಬಿದ್ದ ಪಂಡಿತರ ಕಥೆ ಪಂಚತಂತ್ರದ್ದು. ವರ ಕೊಟ್ಟವನ ತಲೆಗೇ ಕೈ ಇಡಲು ಹೊರಟವನು ಭಸ್ಮಾಸುರ. ಸಿನಿಮಾ ಆದ ಮೇಲೆ ಐದನೇ ಕ್ಲಾಸಿನ ಒಬ್ಬ ಹುಡುಗ ನನ್ನ ಹತ್ತಿರ ಬಂದು, 'ಅಣ್ಣಾ, ಆ ಪೊರಕೆ ನಮ್ ಡ್ಯಾಮಿಗೂ ಬಂದಂಗಿದೆ' ಅಂದ. ಕೆಲವರಪಲ್ಲಿ ಅಣೆಕಟ್ಟಿನಲ್ಲಿ ಬೆಂಗಳೂರಿನ ಕೊಳಚೆ ಸೇರಿ ಗುಡ್ಡದಂತೆ ನೊರೆ ಏಳುತ್ತಲ್ಲ, ಅದನ್ನು ನೋಡಿದ ಹುಡುಗ. ದಕ್ಷಿಣ ಪಿನಾಕಿನಿಗೆ ಕೊಳಚೆ ಬಿಡುವ ಮಂತ್ರ ಗೊತ್ತಿರುವವರು ಬಹಳ ಜನ ಇದ್ದಾರೆ, ನಿಲ್ಲಿಸುವ ಮಂತ್ರ ಗೊತ್ತಿರುವವರು ಇನ್ನೂ ಸಿಕ್ಕಿಲ್ಲ. ಯಾವ ಪಾಠದ ಕೊನೆಯ ಪ್ರಶ್ನೋತ್ತರದಲ್ಲಿ ಇಂಥ ಉತ್ತರ ಬಂದೀತು ಮೇಷ್ಟ್ರೇ? ನೀತಿಯನ್ನು ನೀವು ಬೋರ್ಡಿನ ಮೇಲೆ ಬರೆದುಬಿಟ್ಟಿದ್ದರೆ ಆ ಹುಡುಗ ಅದನ್ನು ನೋಟ್ಸಿಗೆ ಇಳಿಸಿಕೊಂಡು ಸುಮ್ಮನಾಗುತ್ತಿದ್ದ.

ಇನ್ನೊಂದು ಭಾಗದಲ್ಲಿ ಆಸ್ಟ್ರಿಚ್ ಹಕ್ಕಿಗಳು, ನೀರಾನೆಗಳು, ಆನೆಗಳು, ಮೊಸಳೆಗಳು ಬ್ಯಾಲೆ ಕುಣಿಯುತ್ತವೆ. ಆನೆಗಳು ಸೊಂಡಿಲಲ್ಲಿ ನೀರಿನ ಗುಳ್ಳೆ ಊದುತ್ತವೆ. ತಳಿ ಕಡೆಯಿಂದ ಬಂದಿದ್ದ ಒಬ್ಬ ರೈತರು, ನಮ್ಮ ನೆಂಟರೇ, 'ನಮ್ ರಾಗಿ ಹೊಲ ಮೇಯ್ದು ಹೋಗೋ ಆನೆ ಇಲ್ಲಿ ಗುಳ್ಳೆ ಊದ್ಕೊಂಡು ಕೂತಿದೆಯಲ್ಲಪ್ಪಾ' ಅಂದರು. ಹಜಾರದಲ್ಲಿ ಇದ್ದವರೆಲ್ಲ ಹೊಟ್ಟೆ ಹಿಡಿದು ನಕ್ಕರು. ಆಮೇಲೆ ಅವರೇ ಹತ್ತು ನಿಮಿಷ ರಾತ್ರಿ ಕಾವಲಿನ ಕಥೆ ಹೇಳಿದರು, ಪಟಾಕಿ ಹೊಡೆದದ್ದು, ಮರಿಯಾನೆ ಹಿಂದೆ ಉಳಿದದ್ದು. ಮಕ್ಕಳು ಪರದೆ ಬಿಟ್ಟು ಅವರ ಮುಖ ನೋಡುತ್ತಾ ಕೂತವು. ನನ್ನ ಪ್ರಕಾರ ಆ ದಿನದ ಅತ್ಯುತ್ತಮ ವಿಮರ್ಶೆ ಅದು. ಆದರೆ ಕಮಿಟಿಯ ಪುಸ್ತಕದಲ್ಲಿ ಅದು ದಾಖಲಾಗಿಲ್ಲ. 'ಮಧ್ಯದಲ್ಲಿ ಶಿಸ್ತು ತಪ್ಪಿತು' ಅಂತ ದಾಖಲಾಗಿದೆ.

ಕೊನೆಯ ಭಾಗದ ಭೂತದ ವಿಷಯ ಸ್ವಲ್ಪ ನಿಧಾನವಾಗಿ ಮಾತಾಡಬೇಕು. ಇದನ್ನು ಎತ್ತಿದವರು ತಾಯಂದಿರು. ಅವರ ಆತಂಕ ಸುಳ್ಳಲ್ಲ. ಬೋಳು ಬೆಟ್ಟದ ತುದಿಯೇ ರೆಕ್ಕೆ ಬಿಚ್ಚಿ ದೊಡ್ಡ ಪಿಶಾಚಿಯಾಗುತ್ತೆ. ಗೋರಿಗಳಿಂದ ಪ್ರೇತಗಳು ಎದ್ದು ಅದರ ಕಡೆ ತೇಲಿ ಹೋಗುತ್ತವೆ. ಎರಡು ಮಕ್ಕಳು ಅಮ್ಮನ ಸೆರಗಿನಲ್ಲಿ ಮುಖ ಮುಚ್ಚಿಕೊಂಡದ್ದನ್ನು ನಾನೇ ನೋಡಿದೆ. ಆದರೆ ಅಕ್ಕಂದಿರೇ, ಅಲ್ಲಿಗೇ ಎದ್ದು ಹೋದವರು ಮುಂದಿನದನ್ನು ನೋಡಲಿಲ್ಲ. ಬೆಳಗಿನ ಗಂಟೆ ಬಾರಿಸುತ್ತೆ. ಒಂದೊಂದು ಸಲ ಬಾರಿಸಿದಾಗಲೂ ಆ ಪಿಶಾಚಿ ಕೈ ಅಡ್ಡ ಹಿಡಿದು ಕುಗ್ಗುತ್ತೆ. ಆಮೇಲೆ ಮಂಜಿನಲ್ಲಿ ದೀಪ ಹಿಡಿದ ಜನರ ಸಾಲು ಕಾಡಿನೊಳಗೆ ನಡೆದು ಹೋಗುತ್ತೆ, ಬೆಳಗಾಗುತ್ತೆ. ಭಯವನ್ನು ಎಬ್ಬಿಸಿ ಅಲ್ಲೇ ಬಿಟ್ಟು ಹೋಗಿಲ್ಲ. ಎಬ್ಬಿಸಿದ್ದನ್ನು ಮಲಗಿಸಿಯೇ ಸಿನಿಮಾ ಮುಗಿಯುತ್ತೆ.

ನಮ್ಮ ಕೂತ್ತಿನಲ್ಲಿ ಏನಾಗುತ್ತೆ ಹೇಳಿ. ದ್ರೌಪದಮ್ಮನ ಜಾತ್ರೆಯ ರಾತ್ರಿ, ಬೆಳಗಿನ ಜಾವದವರೆಗೆ, ಮಡಿಲಲ್ಲಿ ಮಕ್ಕಳನ್ನು ಹಾಕಿಕೊಂಡೇ ನೋಡುತ್ತೀವಿ. ಸೀರೆ ಎಳೆಯೋದು, ಭೀಮ ದುಶ್ಶಾಸನನ ಎದೆ ಬಗೆಯೋದು, ಬಣ್ಣದ ವೇಷ ಕಿರುಚಿಕೊಂಡು ಜನರ ಮಧ್ಯೆ ನುಗ್ಗೋದು. ಯಾವ ತಾಯಿಯೂ ಅದಕ್ಕೆ ಅರ್ಜಿ ಕೊಟ್ಟಿಲ್ಲ. ಹೆದರಿದ ಮಗುವಿಗೆ 'ಅದು ನಮ್ ಮೂಲೆ ಮನೆ ಅಣ್ಣ ಕಣೋ, ವೇಷ ಹಾಕ್ಕೊಂಡವ್ನೆ' ಅಂತ ಹೇಳ್ತೀವಿ. ಅಷ್ಟೇ ಬೇಕಾಗಿರೋದು, ಪಕ್ಕದಲ್ಲಿ ಒಬ್ಬರು. ಮಗುವಿನ ಕೈಗೆ ಮೊಬೈಲು ಕೊಟ್ಟು ಅಡುಗೆಮನೆಗೆ ಹೋದಾಗ ಅದರಲ್ಲಿ ಏನು ಬರುತ್ತಿದೆ ಅಂತ ಯಾರು ನೋಡುತ್ತಾರೆ? ಇಲ್ಲಿ ನೀವು ಪಕ್ಕದಲ್ಲೇ ಕೂತಿದ್ದಿರಿ. ಪಕ್ಕದಲ್ಲಿ ಕೂತು ನೋಡಿದ್ದಕ್ಕೆ ಆಕ್ಷೇಪಣೆ, ಒಂಟಿಯಾಗಿ ನೋಡಿದ್ದಕ್ಕೆ ಯಾರದೂ ಇಲ್ಲ.

ಹಾಗಂತ ಈ ಸಿನಿಮಾ ಅಪರಂಜಿ ಅಂತ ನಾನು ಹೇಳುತ್ತಿಲ್ಲ. ಬೀಥೋವನ್‌ನ ಭಾಗ ನನಗೆ ರುಚಿಸಲೇ ಇಲ್ಲ. ಮನುಷ್ಯರ ಮೈ, ಕುದುರೆಯ ಕಾಲಿನ ಗಂಡು ಹೆಣ್ಣುಗಳು ಸಿಂಗರಿಸಿಕೊಂಡು ಓಡಾಡುವುದು ಕ್ಯಾಲೆಂಡರ್ ಚಿತ್ರದ ಹಾಗಿದೆ. ಅದಕ್ಕಿಂತ ದೊಡ್ಡ ಕೊಳಕು ಇನ್ನೊಂದಿದೆ. ಮೂಲ ಚಿತ್ರದ ಆ ಭಾಗದಲ್ಲಿ ಬಿಳಿಯ ಸುಂದರಿಯರ ಗೊರಸು ಒರೆಸಿಕೊಡುವ, ಬಾಲಕ್ಕೆ ಹೂ ಮುಡಿಸುವ ಒಬ್ಬ ಕರಿಯ ಹುಡುಗಿ ಇದ್ದಳು, ಅರ್ಧ ಮನುಷ್ಯಳು, ಅರ್ಧ ಕತ್ತೆ. ಕರಿಯರನ್ನು ಅಣಕಿಸುವ ಚಿತ್ರ. 1969ರ ಮರುಬಿಡುಗಡೆಯಲ್ಲಿ ಕಂಪನಿಯವರು ಅವಳನ್ನು ಕತ್ತರಿಸಿ ತೆಗೆದರು. ನಾವು ನೋಡಿದ್ದು ತೆಗೆದ ಮೇಲಿನದ್ದು. ತೆಗೆದದ್ದು ಸರಿ. ಆದರೆ ದೊಡ್ಡವರಾದ ನಮಗೆ ಅದು ಅಲ್ಲಿ ಇತ್ತು ಅನ್ನೋದು ಗೊತ್ತಿರಬೇಕು. ಆಶ್ಚರ್ಯ ಏನೆಂದರೆ ಸಿನಿಮಾದ ಮೇಲೆ ಇಷ್ಟೊಂದು ಆಕ್ಷೇಪಣೆ ಎತ್ತಿದವರಲ್ಲಿ ಒಬ್ಬರೂ ಇದನ್ನು ಎತ್ತಲಿಲ್ಲ. ಎತ್ತಿದ್ದರೆ ಮುಂದಿನ ಪ್ರಶ್ನೆ ನಮಗೇ ಬರುತ್ತಿತ್ತು: ನಮ್ಮ ನಾಟಕದಲ್ಲಿ ವಿದೂಷಕನ ಬಾಯಲ್ಲಿ ಅಗಸ, ಕ್ಷೌರಿಕ, ತೋಟಿಯ ಮೇಲೆ ಬರುವ ಜೋಕುಗಳನ್ನು ಯಾವ ವರ್ಷ ಕತ್ತರಿಸುತ್ತೀರಿ?

ಹಳೇ ಸರಕು, ನಿಧಾನ, ಈಗಿನ ಮಕ್ಕಳು ಕೂರಲ್ಲ ಅನ್ನೋ ಮಾತಿಗೆ ಚರಿತ್ರೆಯೇ ಉತ್ತರ ಕೊಡುತ್ತೆ. ಈ ಸಿನಿಮಾದ ಬಗ್ಗೆ ಆಗಿನ ಜನರೂ ಇದೇ ಮಾತಾಡಿದ್ದರು. ಕೆಲವರು ಹೊಗಳಿದರು. ಸಂಗೀತ ಬಲ್ಲವರು ತಮ್ಮ ಕೃತಿಗಳನ್ನು ಕತ್ತರಿಸಿ ಕಾರ್ಟೂನಿಗೆ ಹಾಕಿದರು ಅಂತ ಸಿಟ್ಟಾದರು. ಡೊರೊತಿ ಥಾಂಪ್ಸನ್, ಹಿಟ್ಲರ್ 1934ರಲ್ಲಿ ಜರ್ಮನಿಯಿಂದ ಹೊರಗೆ ಹಾಕಿದ್ದ ಗಟ್ಟಿ ಪತ್ರಕರ್ತೆ, ಈ ಚಿತ್ರ ನೋಡಿ ತಲೆಕೆಟ್ಟು ಹೊರಬಂದೆ ಎಂಬರ್ಥದಲ್ಲಿ ಬರೆದು ಇದರಲ್ಲಿ ನಾಜಿಗಳ ಮನಸ್ಸಿನ ನೆರಳು ಕಂಡರು. ಆಗ ಬದುಕಿದ್ದ ಸ್ಟ್ರಾವಿನ್‌ಸ್ಕಿ ತನ್ನ ಸಂಗೀತವನ್ನು ಹಿಂದುಮುಂದು ಮಾಡಿದ್ದರ ಬಗ್ಗೆ ಮುಂದೆ ಖಾರವಾಗಿಯೇ ಮಾತಾಡಿದರು. ಇಪ್ಪತ್ತು ಲಕ್ಷ ಡಾಲರಿಗೂ ಮೀರಿ ಖರ್ಚಾಗಿತ್ತು. ಯುದ್ಧದಿಂದ ಯೂರೋಪಿನ ಮಾರುಕಟ್ಟೆ ಮುಚ್ಚಿತ್ತು. ದುಡ್ಡು ಹುಟ್ಟಲಿಲ್ಲ. 1942ರಲ್ಲಿ ವಿತರಕರು ಎರಡು ಗಂಟೆಯ ಸಿನಿಮಾವನ್ನು 81 ನಿಮಿಷಕ್ಕೆ ಕತ್ತರಿಸಿ ಬಿಟ್ಟರು, ಜನರಿಗೆ ಹಗುರವಾಗಲಿ ಅಂತ. ಆಗಲೂ ದುಡ್ಡು ಬರಲಿಲ್ಲ. 1969ರಲ್ಲಿ ಮತ್ತೆ ಹಾಕಿದಾಗ ಕಾಲೇಜು ಹುಡುಗರು ಮುಗಿಬಿದ್ದು ನೋಡಿದರು. ಸಿನಿಮಾ ಅದೇ, ಕೂತವರು ಬೇರೆ. ಮೊದಲ ದಿನದ ಅಭಿಪ್ರಾಯವನ್ನು ಕಲ್ಲಿನ ಮೇಲೆ ಕೆತ್ತಬೇಡಿ ಅಂತ ಅದಕ್ಕೇ ಹೇಳುತ್ತಿರೋದು. ನಮ್ಮ ಒಬ್ಬ ಮೇಷ್ಟ್ರು 'ಮಿಕ್ಕಿ ಭಾಗ ಒಂದೇ ತೋರಿಸಿ, ಮಿಕ್ಕಿದ್ದು ಬಿಡಿ' ಅಂತ ಸಲಹೆ ಕೊಟ್ಟಿದ್ದಾರೆ. ಅವರಿಗೆ ಗೊತ್ತಿಲ್ಲದೆಯೇ 1942ರ ಆ ವಿತರಕರ ಪಕ್ಕದ ಕುರ್ಚಿಯಲ್ಲಿ ಕೂತಿದ್ದಾರೆ.

ನಿಧಾನ ಅನ್ನೋದರ ಬಗ್ಗೆ ಇನ್ನೊಂದು ಲೆಕ್ಕ, ಇದು ಗಣಿತದ ಮೇಷ್ಟ್ರಿಗೆ. ಸಿನಿಮಾದಲ್ಲಿ ಒಂದು ಸೆಕೆಂಡಿಗೆ 24 ಚಿತ್ರ ಓಡುತ್ತವೆ. ಎರಡು ಗಂಟೆಗೆ 1,72,800. ಒಂದೇ ಚಿತ್ರವನ್ನು ಎರಡೆರಡು ಸಲ ಹಿಡಿದದ್ದು ಇರಬಹುದು, ಆದರೂ ಎಲ್ಲವೂ ಕೈಯಲ್ಲಿ ಬಿಡಿಸಿ, ಕೈಯಲ್ಲಿ ಬಣ್ಣ ತುಂಬಿದ್ದು. ಕಂಪ್ಯೂಟರಿನ ಕಾಲ ಅಲ್ಲ ಅದು. ಒಂದು ಎಲೆ ಮರದಿಂದ ಬೀಳೋದಕ್ಕೆ ಯಾರೋ ಎಷ್ಟು ಹೊತ್ತು ಕೂತು ಬಿಡಿಸಿದ್ದಾರೆ ಅಂತ ಗೊತ್ತಾದ ಮೇಲೆ ನಮ್ಮ ನಾಲ್ಕು ಹೆಣ್ಣುಮಕ್ಕಳು ನೋಟ್ ಪುಸ್ತಕದ ಅಂಚಿನಲ್ಲಿ ಹಾರುವ ಹಕ್ಕಿ ಬಿಡಿಸಿ ಹಾಳೆಗಳನ್ನು ಸರ್ರನೆ ತಿರುಗಿಸಿ ತೋರಿಸಿದರು. ಹಕ್ಕಿ ಹಾರಿತು. ಆ ಪುಸ್ತಕ ಗಣಿತದ್ದು ಅನ್ನೋದು ಮಾತ್ರ ದೊಡ್ಡ ಅಪರಾಧವಾಯಿತು.

ಈಗ ನನ್ನ ನಿಜವಾದ ಸಿಟ್ಟಿನ ಜಾಗಕ್ಕೆ ಬರುತ್ತೇನೆ. ನಾವು ಮಾತಿಲ್ಲದ ಇಂಗ್ಲಿಷ್ ಸಿನಿಮಾವನ್ನು ಹುಡುಕಿಕೊಂಡು ಹೋಗಬೇಕಾಗಿ ಬಂದದ್ದು ಯಾಕೆ? ಕನ್ನಡದಲ್ಲಿ ಮಾತಾಡುವ ಕಾರ್ಟೂನ್ ಸಿನಿಮಾ ಹುಡುಕಿದರೆ ಸಿಗೋದು ಬೆರಳೆಣಿಕೆ. ಅದಕ್ಕೆ ಕಾರಣ ಬಡತನವಲ್ಲ, ಹಠ. 1960ರ ದಶಕದಲ್ಲಿ ಕನ್ನಡ ಚಿತ್ರರಂಗವನ್ನು ಉಳಿಸಬೇಕು ಅಂತ ಡಬ್ಬಿಂಗಿಗೆ ವಿರೋಧ ಎದ್ದಿತು. ಆಗ ಅದಕ್ಕೊಂದು ಅರ್ಥ ಇತ್ತು, ನಮ್ಮವರಿಗೆ ಕೆಲಸ ಬೇಕಿತ್ತು, ನಮ್ಮ ಸಿನಿಮಾಕ್ಕೆ ಥಿಯೇಟರು ಬೇಕಿತ್ತು. ಆದರೆ ಆ ಬೇಲಿ ಐವತ್ತು ವರ್ಷ ನಿಂತಿತು. ಬೇಲಿ ಹಾಕಿದವರಿಗೆ ಮಕ್ಕಳು ನೆನಪಾಗಲಿಲ್ಲ. ನಾಯಕನಟರ ಸಿನಿಮಾವನ್ನು ಕನ್ನಡದಲ್ಲೇ ರೀಮೇಕ್ ಮಾಡಬಹುದು. 'ಲಯನ್ ಕಿಂಗ್' ರೀಮೇಕ್ ಮಾಡೋಕಾಗುತ್ತಾ? 2016ರ 'ಜಂಗಲ್ ಬುಕ್' ಹಿಂದಿ, ತಮಿಳು, ತೆಲುಗಿನಲ್ಲಿ ಬಂತು. 2019ರ 'ಲಯನ್ ಕಿಂಗ್' ಕೂಡ ಹಾಗೇ. ಮೊದಲು ಹೇಳಿದ ಆ ಜಪಾನ್ ರಾಮಾಯಣವನ್ನು 2025ರ ಜನವರಿಯಲ್ಲಿ ಥಿಯೇಟರಿಗೆ ಮತ್ತೆ ತಂದಾಗ ಇಂಗ್ಲಿಷ್, ಹಿಂದಿ, ತಮಿಳು, ತೆಲುಗು. ರಾಮನಿಗೂ ಕನ್ನಡ ಸಿಗಲಿಲ್ಲ!

ಕರ್ನಾಟಕದೊಳಗೆ ಇರುವವರಿಗೆ ಇದರ ಪೆಟ್ಟು ಅಷ್ಟಾಗಿ ಗೊತ್ತಾಗಿರಲಿಕ್ಕಿಲ್ಲ. ಗಡಿಯ ಈ ಕಡೆ ಇರುವ ನಮ್ಮನ್ನು ಕೇಳಿ. ನಮ್ಮ ಮಕ್ಕಳಿಗೆ ಇಸ್ಕೂಲಿನಲ್ಲಿ ತಮಿಳು ಕಡ್ಡಾಯ, 2006ರ ಕಾಯ್ದೆಯ ಮೇಲೆ. ಕಲಿಯಲಿ, ತಮಿಳು ನಮ್ಮ ನೆರೆಮನೆಯ ಭಾಷೆ, ನನಗೆ ಅದರ ಮೇಲೆ ಯಾವ ಹಗೆಯೂ ಇಲ್ಲ. ಮನೆಗೆ ಬಂದರೆ ಟಿವಿ. 2007ರಲ್ಲಿ ಚುಟ್ಟಿ ಟಿವಿ ಬಂತು, ಆನೆ ಇಲಿ ಬೆಕ್ಕು ಎಲ್ಲ ತಮಿಳಿನಲ್ಲಿ ಮಾತಾಡಿದವು. ಕನ್ನಡದ ಚಿಂಟು ಟಿವಿ ಬಂದದ್ದು 2009ರಲ್ಲಿ, ಅಷ್ಟರಲ್ಲಿ ನಮ್ಮ ಮನೆಗಳ ಮಕ್ಕಳು ಬೆಕ್ಕಿಗೆ 'ಪೂನೈ' ಅನ್ನೋದಕ್ಕೆ ಶುರುಮಾಡಿದ್ದವು. ಕೇಬಲ್‌ನವರು ನಮ್ಮ ಕಡೆ ಅದನ್ನು ಕೊಟ್ಟರೆ ಕೊಟ್ಟರು, ಇಲ್ಲದಿದ್ದರೆ ಇಲ್ಲ. ಮಗು ಆಟ ಆಡುವಾಗ ಬರುವ ಭಾಷೆ ಯಾವುದೋ, ಅದೇ ಅದರ ಭಾಷೆ. ಕನ್ನಡವನ್ನು ಪಾಠದ ಭಾಷೆಯಾಗಿ ಮಾತ್ರ ಉಳಿಸಿ, ಆಟದ ಭಾಷೆಯಾಗಿ ಬೇಲಿಯಾಚೆ ನಿಲ್ಲಿಸಿದವರು ಕನ್ನಡ ಹೋರಾಟಗಾರರೇ. ನೋವಿನಿಂದಲೇ ಹೇಳುತ್ತೇನೆ. ಆ ಹೋರಾಟದಲ್ಲಿ ನನ್ನ ತಂದೆಯೂ ಬೋರ್ಡು ಹಿಡಿದು ನಿಂತಿದ್ದರು.

2015ರ ಜುಲೈ 27ರಂದು ಭಾರತೀಯ ಸ್ಪರ್ಧಾ ಆಯೋಗ ಈ ಡಬ್ಬಿಂಗ್ ನಿಷೇಧ ಕಾನೂನಿಗೆ ವಿರುದ್ಧ ಅಂತ ಹೇಳಿ ಚಲನಚಿತ್ರ ವಾಣಿಜ್ಯ ಮಂಡಳಿಗೆ ದಂಡ ಹಾಕಿತು. ಅದಕ್ಕೆ ಅರ್ಜಿ ಹಾಕಿದ್ದು ಯಾವ ದೊಡ್ಡ ನಿರ್ಮಾಪಕನೂ ಅಲ್ಲ, ಕನ್ನಡ ಗ್ರಾಹಕರ ಕೂಟ, ಅಂದರೆ ಟಿಕೆಟ್ ಕೊಂಡು ನೋಡುವ ಜನ. 2017ರಿಂದ ಡಬ್ಬಿಂಗ್ ಸಿನಿಮಾಗಳು ಬಂದವು. ಮೊದಲು ಬಂದದ್ದು ಮಕ್ಕಳದ್ದಲ್ಲ, 'ಸತ್ಯದೇವ್ ಐಪಿಎಸ್', ಪೊಲೀಸು ಗುಂಡು! ಬೇಲಿ ತೆಗೆದರೂ ಮಕ್ಕಳು ಸಾಲಿನ ಕೊನೆಗೇ. ಆದರೂ ಕಾಲ ತಿರುಗುತ್ತಿದೆ. 2025ರ ಜುಲೈನಲ್ಲಿ ಬಂದ 'ಮಹಾವತಾರ ನರಸಿಂಹ' ಕಾರ್ಟೂನ್ ಚಿತ್ರ ಕನ್ನಡದಲ್ಲೂ ಬಂತು. ಅಜ್ಜಿ ಮೊಮ್ಮಕ್ಕಳು ಒಟ್ಟಿಗೆ ಹೋಗಿ ನೋಡಿದರು. ಹಿರಣ್ಯಕಶಿಪುವಿನ ಹೊಟ್ಟೆ ಬಗೆಯುವ ದೃಶ್ಯಕ್ಕೆ ಯಾರೂ ನಮ್ಮ ಕಮಿಟಿಗೆ ದೂರು ತಂದಿಲ್ಲ, ಗಮನಿಸಿ.

ಸ್ಪೋಕನ್ ಇಂಗ್ಲಿಷ್ ಬೇಡ ಅಂತ ನಾನು ಹೇಳಿಲ್ಲ. ಹೊಸೂರಿನ ಫ್ಯಾಕ್ಟರಿಗಳಲ್ಲಿ, ಬೆಂಗಳೂರಿನ ಆಫೀಸುಗಳಲ್ಲಿ ಅದಿಲ್ಲದೆ ಕೆಲಸ ಸಿಗಲ್ಲ ಅನ್ನೋದು ನನಗೂ ಗೊತ್ತು. ಶನಿವಾರ ಸಂಜೆ ಹಜಾರ ಖಾಲಿ ಇರುತ್ತೆ, ಬೆಳಗ್ಗೆ ಏಳರಿಂದ ಒಂಬತ್ತೂ ಖಾಲಿ. ವಾರದಲ್ಲಿ ಖಾಲಿ ಇರುವ ಅಷ್ಟೂ ಹೊತ್ತನ್ನು ಬಿಟ್ಟು ಮಕ್ಕಳು ನಗುವ ಎರಡು ಗಂಟೆಯ ಮೇಲೇ ಯಾಕೆ ಕಣ್ಣು? ಇನ್ನೊಂದು ಕೋರಿಕೆ ಕಮಿಟಿಯ ಹಿರಿಯರಿಗೆ. ಅಭಿಪ್ರಾಯ ಪುಸ್ತಕದಲ್ಲಿ ಈಗ ಇರುವ ಹನ್ನೊಂದು ಸಹಿಗಳಲ್ಲಿ ಒಂದೂ ಹದಿನೆಂಟರ ಕೆಳಗಿನವರದ್ದಲ್ಲ. ಮಕ್ಕಳಿಗಾಗಿ ಬೇರೆ ಪುಸ್ತಕ ಇಡಿ. ಬರೆಯಲು ಬಾರದ ಚಿಕ್ಕವರು ಚಿತ್ರ ಬಿಡಿಸಲಿ. ಕನ್ನಡ, ತಮಿಳು, ತೆಲುಗು, ಉರ್ದು, ಯಾವುದರಲ್ಲಾದರೂ ಬರೆಯಲಿ, ತಪ್ಪು ತಿದ್ದಬೇಡಿ. ಮೂರು ಸಿನಿಮಾ ಆದ ಮೇಲೆ ಆ ಪುಸ್ತಕವನ್ನೂ ಈ ಪುಸ್ತಕವನ್ನೂ ಪಕ್ಕಪಕ್ಕ ಇಟ್ಟು ತೀರ್ಮಾನ ಮಾಡಿ. ಆಗ ನಿಲ್ಲಿಸಿ ಅಂದರೆ ನಾನು ಎದುರು ಮಾತಾಡಲ್ಲ.

ಮುಂದಿನ ಸಲಕ್ಕೆ ಆ ಜಪಾನ್ ರಾಮಾಯಣ ಹಾಕೋಣ ಅಂತ ಯೋಚನೆ ಇದೆ. ಕನ್ನಡದ್ದು ಇಲ್ಲದ್ದರಿಂದ ತಮಿಳಿನದೇ ಹಾಕಬೇಕಾಗಬಹುದು. ಧ್ವನಿ ಸ್ವಲ್ಪ ತಗ್ಗಿಸಿ, ಪಕ್ಕದಲ್ಲಿ ನಿಂತು ಭಾಗವತರ ಹಾಗೆ ಕನ್ನಡದಲ್ಲಿ ಹೇಳಿಕೊಂಡು ಹೋಗೋಣ ಅಂತ ಮಾತಾಗಿದೆ. ರಾಮ, ಲಕ್ಷ್ಮಣರ ಮಾತಿಗೆ ಒಬ್ಬರು, ಹನುಮಂತ ಮತ್ತು ಕಪಿಗಳಿಗೆ ಇನ್ನೊಬ್ಬರು ಒಪ್ಪಿಕೊಂಡಿದ್ದಾರೆ. ಸೀತೆಗೆ ಹೈಸ್ಕೂಲಿನ ಟೀಚರಮ್ಮನವರನ್ನು ಕೇಳಿದ್ದೇವೆ, ಯೋಚಿಸಿ ಹೇಳ್ತೀನಿ ಅಂದಿದ್ದಾರೆ. ರಾವಣನಿಗೆ ಗಟ್ಟಿ ಗಂಟಲಿನವರು ಬೇಕು. ಆಕ್ಷೇಪಣೆ ಬರೆದವರಲ್ಲೇ ಯಾರಾದರೂ ಬಂದರೆ ಸಂತೋಷ.